ಸಾಕ್ಷಿಗೆ ಒಂದು ಗೇಣು ಸುಣ್ಣ

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಏನು ಮಾಡುತ್ತೀರಿ ಅನ್ನುವುದು ನಿಮ್ಮ ಮನೆಯವರಿಗೆ ಎಂದಿಗೂ ಅರ್ಥವಾಗುವುದಿಲ್ಲ. ಹಳೇ ಕಟ್ಟಡಗಳ ಒಳಗೋಡೆ, ಸೂರು, ಬಾಗಿಲುಗಳನ್ನು ಮೊದಲಿದ್ದ ಹಾಗೆ ಮಾಡುವ ಕೆಲಸದಲ್ಲಿ ಸೂಪರ್‌ವೈಸರ್ ಆಗಿಯೇ ನಾನು ತಲೆ ನರೆಸಿಕೊಂಡೆ. ತ್ಯಾಮಗೊಂಡ್ಲಿನ ನಮ್ಮ ಮನೆಯಲ್ಲಿ ಹೆಂಡತಿ ಜಯಮ್ಮ ಇವತ್ತಿಗೂ ಕೇಳುತ್ತಾಳೆ, "ಅಲ್ರೀ, ಒಂದು ಗೋಡೆ ಕೆರೆಯಕ್ಕೆ ವರ್ಷಗಟ್ಟಲೆ ಸಂಬಳ ಕೊಡ್ತಿದ್ರಾ ನಿಮಗೆ?" ಕೊಡುತ್ತಿದ್ದರು. ನಿವೃತ್ತನಾದ ಮೇಲೆ ಅಭ್ಯಾಸಬಲದಿಂದ ಅಡುಗೆಮನೆಯ ಗೋಡೆಯನ್ನು ಉಗುರಿನಿಂದ ಸ್ವಲ್ಪ ಕೆರೆದು, ಕೆಳಗೆ ಯಾವ ಬಣ್ಣವಿದೆ ಅಂತ ನೋಡಿದೆ. ಅವತ್ತು ನನಗೆ ಊಟ ಬಹಳ ತಡವಾಗಿ ಸಿಕ್ಕಿತು.

ಬಡ್ತಿ, ಸನ್ಮಾನ, ಶಾಲು ಇವೆಲ್ಲ ಬೇಡ. ಶಾಲುಗಳನ್ನು ಜಯಮ್ಮ ಆಗಲೇ ಪಾತ್ರೆಯವನಿಗೆ ಕೊಟ್ಟಿದ್ದಾಳೆ. ಕೆಲಸ ನಿಜವಾಗಿ ಹೇಗಿತ್ತು ಅಂತ ಮಾತ್ರ ಬರೆಯುತ್ತೇನೆ.

ನಾನು ಸೇರಿದ ಕಾಲದಲ್ಲಿ ಹಳೇ ಕಟ್ಟಡ ಉಳಿಸುವುದು ಅಂದರೆ ಅದನ್ನು ಹೊಸದು ಮಾಡುವುದು ಅಂತಲೇ ಎಲ್ಲರೂ ತಿಳಿದಿದ್ದರು. ನನ್ನ ಮೊದಲ ಸಾಹೇಬರು ಒಬ್ಬ ಎಂಜಿನಿಯರು. ಹೊಳೆಯದೆ ಇರುವ ವಸ್ತುವನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ನೆಲಮಂಗಲದ ಕಡೆ ಒಂದು ಹಳೇ ಛತ್ರಕ್ಕೆ ಅವರು ಒಳ್ಳೇ ದುಬಾರಿ ಪ್ಲಾಸ್ಟಿಕ್ ಪೇಂಟು ಹೊಡೆಸಿದರು. ಸುಣ್ಣದ ಗೋಡೆಗೆ ಉಸಿರಾಡುವ ಅಭ್ಯಾಸ. ನೆಲದಿಂದ ಎಳೆದುಕೊಂಡ ತೇವವನ್ನು ಅದು ಹೊರಗೆ ಬಿಡಬೇಕು. ಪೇಂಟು ಬಾಯಿ ಮುಚ್ಚಿಬಿಟ್ಟಿತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ಪೇಂಟು ಕಾವಲಿಯಿಂದ ದೋಸೆ ಎದ್ದ ಹಾಗೆ ಅಂಚಿನಿಂದ ಎದ್ದು ಇಡೀ ಹಾಳೆಯಾಗಿ ಕೈಗೆ ಬಂತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಪೇಂಟು ಒಳ್ಳೇದೇ ನಂಜಪ್ಪ, ಗೋಡೆನೇ ಸರಿಯಿಲ್ಲ," ಅಂದರು. ಇನ್ನೂರು ವರ್ಷ ನಿಂತ ಗೋಡೆಗೆ ಅಂಥ ಮಾತು ಕೇಳುವ ಯೋಗವಿತ್ತು.

ಆಮೇಲೆ ಬಂದವರು ಶಾಲಿನಿ ಮೇಡಂ. ಹಳೇ ಕಟ್ಟಡಗಳನ್ನೇ ಓದಿ ಬಂದ ಆರ್ಕಿಟೆಕ್ಟು. ಅವರ ಕೈಕೆಳಗೆ ನಮ್ಮ ಉಳಿ, ತಂತಿ ಬ್ರಷ್ಷು ಎಲ್ಲ ಗೋದಾಮು ಸೇರಿದವು. ಕೈಗೆ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಬಳಸುವ ಸಣ್ಣ ಬ್ಲೇಡು ಬಂತು. ಗೋಡೆಯ ಮೇಲಿನ ಒಂದೊಂದು ಪದರವನ್ನೂ ಬಿಡಿಬಿಡಿಯಾಗಿ ಕೆರೆಯಬೇಕು. ಒಂದು ಪದರ ಹೋದ ಕೂಡಲೇ ಫೋಟೋ, ಅದರ ಕೆಳಗಿನದಕ್ಕೆ ಮತ್ತೊಂದು ಫೋಟೋ. ಒಂದು ಸಲ ನನ್ನ ಊಟದ ಡಬ್ಬಿಯನ್ನು ಹಳೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಕ್ಕೆ ಅದರದ್ದೂ ಫೋಟೋ ತೆಗೆದು, ತೆಗೆಸಿದ ಮೇಲೆ ಇನ್ನೊಂದು ಫೋಟೋ ತೆಗೆದರು. ಆ ವರ್ಷದ ವರದಿಯಲ್ಲಿ ನನ್ನ ಚಿತ್ರಾನ್ನ ಎರಡು ಕಡೆ ಇದೆ.

ಅವರಲ್ಲಿ ಮೊದಲು ನನಗೆ ಸಿಟ್ಟು ತರಿಸುತ್ತಿದ್ದದ್ದು ಸಾಕ್ಷಿ ತುಂಡಿನ ವಿಚಾರ. ಇಡೀ ಗೋಡೆ ಶುದ್ಧ ಮಾಡಿದ ಮೇಲೂ ಒಂದು ಮೂಲೆಯಲ್ಲಿ ಗೇಣಗಲ ಜಾಗವನ್ನು ಕೊಳಕಾಗಿಯೇ ಬಿಡಬೇಕು. ಮುಂದೆ ಬರುವವರಿಗೆ ನಾವು ಏನೇನು ತೆಗೆದೆವು ಅಂತ ತಿಳಿಯಲಿ ಅಂತ. ಅದೊಂದನ್ನು ಕಂಡವರೆಲ್ಲ ನನ್ನ ಹತ್ತಿರ ಬಂದು, "ಇಲ್ಲೊಂಚೂರು ಮರೆತುಬಿಟ್ಟಿದೀರಲ್ಲಾ," ಅನ್ನುತ್ತಿದ್ದರು. ನಿಮಗೂ ಅನ್ನುತ್ತಾರೆ. ನಕ್ಕು ಸುಮ್ಮನಾಗಿ.

ಈಗ ಅರಮನೆಯ ಕಥೆಗೆ ಬರುತ್ತೇನೆ. ಅರಮನೆ ಅಂದ ಕೂಡಲೇ ಮೈಸೂರನ್ನು ನೆನೆಸಿಕೊಳ್ಳಬೇಡಿ. ಬೂದಿಗೆರೆಯಿಂದ ಆಚೆ ಒಂದು ಊರಿನಲ್ಲಿ ಹಿಂದಿನ ಪಾಳೇಗಾರರು ಕಟ್ಟಿದ ಮನೆ ಅದು. ದಪ್ಪ ಗೋಡೆ, ಮರದ ಕಂಬಗಳು, ನಡುವೆ ಒಂದು ದರ್ಬಾರ್ ಹಾಲು, ಅದರ ಪಕ್ಕದಲ್ಲಿ ಮಲಗುವ ಕೋಣೆ. ಎರಡಕ್ಕೂ ಒಂದೇ ಸೂರು. ಆ ಸೂರಿನ ತೊಲೆಗಳು ಗೆದ್ದಲು ತಿಂದು, ನೀಲಗಿರಿ ಕಂಬಗಳ ಆಸರೆಯ ಮೇಲೆ ನಿಂತಿದ್ದವು. ಮನೆಯ ಯಜಮಾನಿಯನ್ನು ಊರೆಲ್ಲ ಅಮ್ಮಣ್ಣಿಯವರು ಅನ್ನುತ್ತಿತ್ತು. ಪಾಳೇಗಾರರ ವಂಶದ ಸೊಸೆ, ವಿಧವೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ದುಡಿಯುವ ಹೆಂಗಸು. ಮಗ ಮುನಿರಾಜು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದ.

ದರ್ಬಾರ್ ಹಾಲಿನಲ್ಲಿ ದರ್ಬಾರು ನಡೆಸುತ್ತಿದ್ದದ್ದು ರೇಷ್ಮೆ ಹುಳಗಳು. ಅಷ್ಟು ತಂಪಾದ, ಎತ್ತರದ ಕೋಣೆ ಸುತ್ತಲ ಊರುಗಳಲ್ಲಿ ಇರಲಿಲ್ಲ. ಅಮ್ಮಣ್ಣಿಯವರ ಮಾವನ ಕಾಲದಿಂದ ಅದು ಹುಳದ ಮನೆ. ಪಾಳೇಗಾರ ಕೂರುತ್ತಿದ್ದ ಕಟ್ಟೆಯ ಮೇಲೆ ಹುಳದ ತಟ್ಟೆಗಳು, ಕಂಬಗಳಿಗೆ ಒರಗಿಸಿದ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪು. ಹುಳಕ್ಕೆ ರೋಗ ತಗಲಬಾರದು ಅಂತ ಒಂದು ಬೆಳೆಯ ಗೂಡು ಬಿಡಿಸಿದ ಕೂಡಲೇ ಕೋಣೆಗೆ ಸುಣ್ಣ ಬಳಿಯುವುದು ಅಲ್ಲಿಯ ಪದ್ಧತಿ. ಬೇರೆಯವರ ಮನೆಗೆ ವರ್ಷಕ್ಕೊಂದು ಸಲ ಸುಣ್ಣವಾದರೆ ಈ ಹಾಲಿಗೆ ಬೆಳೆಗೊಂದು ಸಲ. ಗೋಡೆಯ ಮೇಲಿನ ಹೂಬಳ್ಳಿಯ ಗಾರೆ ಕೆಲಸ ಮುಳುಗಿಹೋಗಿ, ಅಲ್ಲಲ್ಲಿ ಕಜ್ಜಾಯದಂಥ ಉಬ್ಬು ಮಾತ್ರ ಉಳಿದಿತ್ತು.

ಕೆಲಸಕ್ಕೆ ಹಣ ಕೊಡುತ್ತಿದ್ದದ್ದು ಬೆಂಗಳೂರಿನ ಒಬ್ಬ ಯಜಮಾನರು. ನಲ್ಲಿ ತಯಾರಿಸುವ ಕಾರ್ಖಾನೆಯಿಂದ ಮೇಲೆ ಬಂದವರು. ತಾಯಿಯ ಹೆಸರಿನಲ್ಲಿ ದತ್ತಿ ಟ್ರಸ್ಟು ಮಾಡಿ ಇಂಥ ಕೆಲಸಗಳಿಗೆ ದಾನ ಕೊಡುತ್ತಿದ್ದರು. ಒಳ್ಳೇ ಮನುಷ್ಯ, ಗಂಟಲು ಮಾತ್ರ ದೊಡ್ಡದು. ಟ್ರಸ್ಟಿನಲ್ಲಿ ಇದ್ದವರು ಅವರು ಮತ್ತು ಅವರ ಶ್ರೀಮತಿ ಸುಲೋಚನಮ್ಮ. ಯಾವ ಕಾಗದಕ್ಕೂ ಇಬ್ಬರ ರುಜು ಬೇಕು. ಯಜಮಾನರು ಬೆರಳಿಟ್ಟ ಕಡೆ ಆಕೆ ರುಜು ಹಾಕುತ್ತಿದ್ದರು.

ಶಾಲಿನಿ ಮೇಡಂ, "ಮೊದಲು ಸೂರು, ಆಮೇಲೆ ಗೋಡೆ," ಅಂದರು. ಬುದ್ಧಿಯಿರುವ ಯಾರೇ ಆದರೂ ಹಾಗೇ ಅನ್ನುತ್ತಾರೆ. ಯಜಮಾನರು ಒಪ್ಪಲಿಲ್ಲ. "ಸೂರು ಫೋಟೋದಲ್ಲಿ ಬರಲ್ಲ ಮೇಡಂ. ಮೊದಲು ಗೋಡೆ ಮಾಡಿ ತೋರಿಸಿ. ನೋಡಿ ಮನಸ್ಸಿಗೆ ಬಂದ್ರೆ ಸೂರಿನ ದುಡ್ಡು ಬಿಡ್ತೀನಿ." ದಾನ ಕೊಡುವವರಿಗೆ ಕಣ್ಣಿಗೆ ಕಾಣುವುದೇ ಬೇಕು. ಗೆದ್ದಲು ಹಿಡಿದ ತೊಲೆಗೆ ಯಾರೂ ತಾಯಿಯ ಹೆಸರು ಇಡುವುದಿಲ್ಲ. ನಾವು ಸೂರಿನ ಮೇಲೆ ಟಾರ್ಪಾಲು ಹೊದಿಸಿ, ಕೆಳಗೆ ಇನ್ನಷ್ಟು ಆಸರೆ ಕೊಟ್ಟು, ಗೋಡೆಗೆ ಕೈ ಹಚ್ಚಲು ಒಪ್ಪಿದೆವು.

ಅಮ್ಮಣ್ಣಿಯವರಿಗೆ ಗೋಡೆಯ ಮೇಲೆ ಆಸೆ ಇರಲಿಲ್ಲ. ಮಳೆ ಬಂದಾಗಲೆಲ್ಲ ಮಲಗುವ ಕೋಣೆಯಿಂದ ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಮಲಗುತ್ತಿದ್ದ ಹೆಂಗಸು. "ಗೋಡೆ ಏನಾದ್ರೂ ಮಾಡ್ಕಳಿ ನಂಜಪ್ಪನೋರೇ. ನಂಗೆ ತಲೆ ಮೇಲಿನ ಸೂರು ನಿಂತ್ರೆ ಸಾಕು. ಅದಕ್ಕೇ ಹುಳದ ಮನೆ ಬಿಟ್ಟುಕೊಡ್ತಾ ಇರೋದು," ಅಂದರು. ಕೈಯಲ್ಲಿದ್ದ ಒಂದು ಬೆಳೆ ಮುಗಿದ ಮೇಲೆ ಹುಳಗಳನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸುವುದು ಅಂತಾಯಿತು. ಅವರಿಗೆ ಹೊಟ್ಟೆಪಾಡು ಆ ಹುಳ. ಅದನ್ನು ಪಣಕ್ಕಿಟ್ಟು ಅವರು ಕೇಳಿದ್ದು ಸೂರು ಒಂದೇ.

ಆ ಬೆಳೆಯ ಹುಳ ತರುವ ಮುಂಚೆಯೇ ನಾವು ದೂರದ ಗೋಡೆಯಲ್ಲಿ ಒಂದು ಪರೀಕ್ಷೆಯ ಕಿಂಡಿ ಕೆರೆದಿದ್ದೆವು. ಬಿಳಿ, ಬಿಳಿ, ಬಿಳಿ. ಲೆಕ್ಕ ಬಿಟ್ಟ ಮೇಲೆ ಒಂದು ಕೆನೆಬಣ್ಣದ ಪದರ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದ್ದೆವು. ಇದನ್ನು ನೋಡಲು ಯಜಮಾನರು ಶ್ರೀಮತಿಯವರ ಜೊತೆ ಬಂದರು. ಬಾಗಿಲಲ್ಲಿ ಅಮ್ಮಣ್ಣಿಯವರು ಅಡ್ಡ ನಿಂತರು.

"ಗಟ್ಟಿಯಾಗಿ ಮಾತಾಡ್ಬೇಡಿ. ಹುಳ ಜ್ವರಕ್ಕೆ ಕೂತವೆ."

ನಮ್ಮ ಕಡೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಮನೆಯವರೂ ಪಿಸುಮಾತಿನಲ್ಲೇ ಇರುತ್ತಾರೆ. ಯಜಮಾನರಿಗೆ ಜೀವಮಾನದಲ್ಲಿ ಯಾರೂ ಮೆಲ್ಲಗೆ ಮಾತಾಡಿ ಅಂದಿರಲಿಲ್ಲ ಅನ್ನಿಸುತ್ತೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಹೊಸ್ತಿಲವರೆಗೆ ಬಂದರು. ಅಮ್ಮಣ್ಣಿಯವರು ಮೂಗು ಅರಳಿಸಿದರು.

"ಸೆಂಟ್ ಹಾಕ್ಕಂಡಿದೀರಾ?"

"ಹೂಂ. ಯಾಕೆ?"

"ಹಂಗಾದ್ರೆ ಅಲ್ಲೇ ನಿಂತ್ಕಳಿ. ಹುಳಕ್ಕೆ ವಾಸನೆ ಆಗಲ್ಲ."

ತಾವು ದುಡ್ಡು ಕೊಟ್ಟ ಹಾಲಿನ ಹೊಸ್ತಿಲಲ್ಲಿ ಯಜಮಾನರು ನಿಂತೇ ಇದ್ದರು. ಸುಲೋಚನಮ್ಮ ಸೆಂಟು ಹಾಕುವವರಲ್ಲ. ಅವರಿಗೆ ಒಳಗೆ ಪ್ರವೇಶ ಸಿಕ್ಕಿತು. ಅಮ್ಮಣ್ಣಿಯವರು ತಟ್ಟೆ ತಟ್ಟೆಯ ಹುಳವನ್ನೂ ತೋರಿಸಿದರು. ಹೆಂಗಸರಿಬ್ಬರೂ ತಲೆಗೆ ತಲೆ ತಾಗಿಸಿ ಏನೇನೋ ಪಿಸುಗುಟ್ಟಿಕೊಂಡರು. ಗೋಡೆಯ ಕಿಂಡಿಯನ್ನೂ ಆಕೆಯೇ ಹತ್ತಿರದಿಂದ ನೋಡಿದ್ದು. ಹೊಸ್ತಿಲಿನಿಂದ ಯಜಮಾನರು ಕೈಸನ್ನೆಯಲ್ಲೇ ಬಣ್ಣ ಯಾವುದು ಅಂತ ಕೇಳಿದರು.

"ಕೆನೆಬಣ್ಣ. ಆದ್ರೆ ಇನ್ನೂ ಕೆಳಗೆ ಪದರ ಇದೆಯಂತೆ," ಅಂತ ಸುಲೋಚನಮ್ಮ ಪಿಸುಗುಟ್ಟಿದರು.

ಮಾತಿನ ಮೊದಲ ಭಾಗ ಮಾತ್ರ ಬಾಗಿಲು ತಲುಪಿತು. ಯಜಮಾನರ ಮುಖ ಅರಳಿತು. ಹೊರಗೆ ಬಂದ ಮೇಲೆ ಬಿಗಿಹಿಡಿದಿದ್ದ ಗಂಟಲನ್ನೆಲ್ಲ ಒಟ್ಟಿಗೆ ಬಿಟ್ಟರು. "ನಾನು ಅಂದ್ಕೊಂಡಿದ್ದೇ ಅದು. ರಾಜರು ಅಂದ್ರೆ ಕೆನೆ ಮತ್ತು ಚಿನ್ನ. ಘನತೆ ಅಂದ್ರೆ ಅದು." ಶಾಲಿನಿ ಮೇಡಂ ಏನೋ ಹೇಳಹೋದರು. ಅಷ್ಟರಲ್ಲಿ ಅವರು ಹಾಲಿಗೆ ಹೊಂದುವ ಕುರ್ಚಿಗಳ ಮಾತಿಗೆ ಹೋಗಿಬಿಟ್ಟಿದ್ದರು. ಮುಂದಿನ ವಾರವೇ ಕೆನೆಬಣ್ಣದ ಮೆತ್ತೆಯ ಕುರ್ಚಿಗಳು ಬಂದು, ಬಿಚ್ಚದ ಪ್ಲಾಸ್ಟಿಕ್ಕಿನಲ್ಲೇ ಜಗುಲಿಯ ಮೇಲೆ ಕೂತವು.

ಹುಳ ಹಣ್ಣಾಗಿ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲೆ ನಾವು ಹಾಲಿಗೆ ಇಳಿದೆವು. ಸಾರ್ವೆ ಕಟ್ಟಿ, ಗೋಡೆಯುದ್ದಕ್ಕೂ ಬ್ಲೇಡು ಹಿಡಿದು ಕೂತೆವು. ಆ ಕೆನೆಬಣ್ಣದ ಪದರದ ಮೇಲೆ ಮೇಡಂ ಭೂತಗನ್ನಡಿ ಹಿಡಿದರು, ಮೂಸಿ ನೋಡಿದರು, ಆಮೇಲೆ ಅಮ್ಮಣ್ಣಿಯವರನ್ನು ಕರೆದು ಚಳಿಗಾಲದಲ್ಲಿ ಹುಳಕ್ಕೆ ಕಾವು ಹೇಗೆ ಕೊಡುತ್ತಿದ್ದಿರಿ ಅಂತ ಕೇಳಿದರು.

"ಇದ್ಲು ಹಾಕಿ ಬಾಂಡ್ಲೀಲಿ ಕೆಂಡ ಇಡ್ತಿದ್ವಿ. ನಮ್ಮತ್ತೆ ಕಾಲದಲ್ಲಿ ಸೌದೇನೇ."

ಮೇಡಂ ಬ್ಲೇಡು ಕೆಳಗಿಟ್ಟರು. "ನಂಜಪ್ಪ, ಇದು ಬಣ್ಣ ಅಲ್ಲ. ಹೊಗೆ."

ಜಗುಲಿಯ ಮೇಲೆ ಹೊಗೆಯ ಬಣ್ಣಕ್ಕೆ ಹೊಂದಿಸಿ ತಂದ ಕುರ್ಚಿಗಳು ಸಾಲಾಗಿ ಕೂತಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಅದರ ಕೆಳಗೆ ಇನ್ನೂ ಸುಣ್ಣ, ಅದರ ಕೆಳಗೆ ಮತ್ತೆ ಸುಣ್ಣ. ಕೊನೆಗೆ ಒಂದು ಬೆಳಿಗ್ಗೆ ಬ್ಲೇಡಿನ ತುದಿಯಲ್ಲಿ ನಿಜವಾದ ಗೋಡೆ ಕಾಣಿಸಿತು. ಗಿಣಿಹಸಿರು. ಮಾಸಿದ್ದಲ್ಲ, ತಿಳಿಯಾದದ್ದಲ್ಲ. ಸುಣ್ಣದ ಹೊದಿಕೆಯಲ್ಲಿ ಬಿಸಿಲು ಕಾಣದೆ ಮಲಗಿದ್ದು, ನಿನ್ನೆ ಹೊಡೆದ ಹಾಗಿತ್ತು. ಗೋಡೆಯ ಮೇಲಂಚಿಗೆ ಮೊಳದಗಲ ರಾಣಿ ಪಿಂಕು. ಎರಡರ ನಡುವೆ ಅರಿಶಿನದ ಬಣ್ಣದ ಹೂಬಳ್ಳಿ.

ಈ ಕೆಲಸದಲ್ಲಿ ನಿಮಗೆ ಯಾರೂ ಹೇಳದ ಸತ್ಯ ಇದು. ಹಿಂದಿನವರಿಗೆ ಇವತ್ತಿನ ನಮ್ಮ ನಯನಾಜೂಕು ಇರಲಿಲ್ಲ. ಅವರಿಗೆ ಬಣ್ಣ ಅಂದರೆ ಬಣ್ಣ. ದೇವನಹಳ್ಳಿ ರಸ್ತೆಯಲ್ಲಿ ಜಮೀನು ಮಾರಿದವರು ಕಟ್ಟಿಸಿದ ಮನೆಗಳನ್ನು ನೋಡಿ ನಾವು ಮೂಗು ಮುರಿಯುತ್ತೇವಲ್ಲ, ಆ ಪಾಳೇಗಾರ ಅವರನ್ನೆಲ್ಲ ಕರೆದು ತಾಂಬೂಲ ಕೊಟ್ಟಿರುತ್ತಿದ್ದ. ಮುನಿರಾಜುವಿನ ಸಂತೋಷಕ್ಕೆ ಪಾರವೇ ಇರಲಿಲ್ಲ. ಅವನು ಮೊದಲಿನಿಂದ ಹಾಲಿಗೆ ಪಿಒಪಿ ಸೀಲಿಂಗು, ಬಣ್ಣದ ಲೈಟು ಬೇಕು ಅಂತ ಹಟ ಹಿಡಿದಿದ್ದವನು. ಅದಕ್ಕೆ ಮೇಡಂ ಕೈಲಿ ಬೈಸಿಕೊಂಡಿದ್ದ.

"ನೋಡಿ ಮೇಡಂ, ನಮ್ಮ ಮುತ್ತಾತಂದೂ ನಂದೂ ಒಂದೇ ಟೇಸ್ಟು. ನೀವೇ ಮಧ್ಯದಲ್ಲಿ ಬಂದೋರು."

ಮೇಡಂ ಪಾಪ, ಉಡುವುದು ಬೂದುಬಣ್ಣದ ಖಾದಿ ಸೀರೆ. ಆ ಹಸಿರಿನ ಮುಂದೆ ನಿಂತು ಕಣ್ಣು ಚಿಕ್ಕದು ಮಾಡಿಕೊಂಡು, "ಅದ್ಭುತವಾಗಿದೆ," ಅಂದರು. ನಾಲಿಗೆಗೆ ಕಷ್ಟವಾದರೂ ಮನಸ್ಸಿನಿಂದ ಬಂದ ಮಾತು. ಅವರಿಗೆ ಇಷ್ಟವಾಗಲಿ ಬಿಡಲಿ, ಇದ್ದದ್ದನ್ನು ಇದ್ದ ಹಾಗೆ ಉಳಿಸಬೇಕು ಅನ್ನುವುದರಲ್ಲಿ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಆ ಗುಣಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಆವತ್ತು ನನಗೆ ಸೂರಿನದೇ ಚಿಂತೆ. ಯಜಮಾನರ ಮನಸ್ಸಿಗೆ ಬರದೆ ಸೂರಿನ ಹಣವಿಲ್ಲ. ಮುಂಗಾರು ಹತ್ತಿರ ಬಂದಿತ್ತು. ತಗಡಿನ ಶೆಡ್ಡಿನ ಕಾವಿಗೆ ಅಮ್ಮಣ್ಣಿಯವರ ಒಂದು ಬೆಳೆ ಆಗಲೇ ಕೈಕೊಟ್ಟಿತ್ತು. ಅವರು ಸೂರಿನ ಕಡೆ ನೋಡಿ, ನಮಗೆ ಕಾಫಿ ಕೊಟ್ಟು ಹೋಗುತ್ತಿದ್ದರು. ಆ ನೋಟ ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ.

"ಮೇಡಂ, ಅವರು ಬರೋ ಹೊತ್ತಿಗೆ ಸಂಜೆ ಮಾಡಿಬಿಡೋಣ. ಬೆಳಕು ಕಮ್ಮಿ ಇದ್ರೆ ಹಸಿರು ಸ್ವಲ್ಪ ಘನವಾಗಿ ಕಾಣುತ್ತೆ," ಅಂದೆ.

"ಮಧ್ಯಾಹ್ನ ಹನ್ನೆರಡಕ್ಕೆ ಬರಕ್ಕೆ ಹೇಳಿದೀನಿ. ಎಲ್ಲಾ ಕಿಟಕಿ ತೆಗೆದಿಡಿ ನಂಜಪ್ಪ," ಅಂದರು.

ಅವರು ಬಂದರು. ಈ ಸಲ ಸೆಂಟು ಹಾಕಿರಲಿಲ್ಲ. ಪಾಪ, ನೆನಪಿಟ್ಟುಕೊಂಡಿದ್ದರು. ಜ್ವರವೂ ಇರಲಿಲ್ಲ, ಹುಳವೂ ಇರಲಿಲ್ಲ. ಆದರೂ ಒಳಗೆ ಕಾಲಿಟ್ಟ ಯಜಮಾನರ ಗಂಟಲಿನಿಂದ ಸದ್ದು ಬರಲಿಲ್ಲ. ಒಂದು ಗೋಡೆ ನೋಡಿದರು, ಎದುರು ಗೋಡೆ ನೋಡಿದರು, ಮೇಲಂಚಿನ ಪಿಂಕು ನೋಡಿದರು.

"ನನ್ನ ಕುರ್ಚಿ ಇಲ್ಲಿ ಹಾಕಿದ್ರೆ ಹೆಂಗೆ ಕಾಣುತ್ತೆ?" ಅಂದರು ಕೊನೆಗೆ.

ಆಮೇಲೆ ಪಿಂಕಿನ ಕಡೆ ಬೆರಳು ತೋರಿಸಿದರು.

"ಇದು ಅರಮನೆಯೋ ಐಸ್‌ಕ್ರೀಂ ಅಂಗಡಿಯೋ ಮೇಡಂ? ನಮ್ಮಮ್ಮನ ಹೆಸರು ಹಾಕಬೇಕು ಇಲ್ಲಿ."

"ಇದೇ ಮೂಲ ಬಣ್ಣ ಸರ್."

"ಇರಬಹುದು. ಮೇಲೆ ಒಂದು ಕೋಟು ಕೆನೆಬಣ್ಣ ಹೊಡೆಸಿಬಿಡಿ. ಮೂಲ ಕೆಳಗಿರಲಿ, ಎಲ್ಲಿಗೂ ಹೋಗಲ್ಲ. ಇಷ್ಟು ವರ್ಷ ಕೆಳಗೇ ಇರಲಿಲ್ವಾ? ನಾಳೆನೇ ಸೂರಿನ ದುಡ್ಡು ಬಿಡ್ತೀನಿ."

ನ್ಯಾಯವಾಗಿ ಹೇಳಬೇಕಾದರೆ ಮಾತಿನಲ್ಲಿ ಸ್ವಲ್ಪ ತರ್ಕವಿತ್ತು. ಮೇಡಂ ಮಾತ್ರ "ಆಗಲ್ಲ ಸರ್," ಅಂದರು. "ಹಂಗಾದ್ರೆ ನನ್ನ ಕೈಲೂ ಆಗಲ್ಲ," ಅಂದರು ಯಜಮಾನರು. ಆಸರೆಯ ಕಂಬಗಳ ನಡುವೆ ಇಬ್ಬರೂ ನಿಂತುಬಿಟ್ಟರು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿದ್ದ ಅಮ್ಮಣ್ಣಿಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಹೊಡುಸ್ಬಿಡಿ ಮೇಡಂ. ನಮಗೇನು, ಬಿಳೀದಿದ್ದಾಗ್ಲೂ ಇದ್ದೋ. ಕೆನೆಬಣ್ಣ ಆದ್ರೂ ಇರ್ತೀವಿ. ಸೂರು ಬೀಳೋದು ಬ್ಯಾಡ."

ಆ ಮಾತಿಗೆ ಮೇಡಂ ಕಣ್ಣು ನೆಲ ನೋಡಿತು. ಅವರು ಇನ್ನೊಂದು ಕ್ಷಣದಲ್ಲಿ ಹೂಂ ಅಂದುಬಿಡುತ್ತಿದ್ದರು, ನನಗೆ ಖಾತ್ರಿ.

"ಅಮ್ಮಣ್ಣಿ, ನೀವು ಸುಮ್ನಿರಿ."

ಎಲ್ಲರೂ ತಿರುಗಿದೆವು. ಸುಲೋಚನಮ್ಮ ಗೋಡೆಯ ಹತ್ತಿರ ನಿಂತಿದ್ದರು. ಪಾಳೇಗಾರ ಕೂರುತ್ತಿದ್ದ ಕಟ್ಟೆಯ ಮೇಲೆ ನಿಧಾನವಾಗಿ ಕೂತರು. ದನಿ ಏರಲಿಲ್ಲ. ಜ್ವರಕ್ಕೆ ಕೂತ ಹುಳದ ಮುಂದೆ ಮಾತಾಡಿದಷ್ಟೇ ಮೆಲ್ಲಗೆ ಗಂಡನ ಜೊತೆ ಮಾತಾಡಿದರು.

"ಮದುವೆ ಆದ ಹೊಸದರಲ್ಲಿ ನಮ್ಮ ರೂಮಿಗೆ ಗಿಣಿಹಸಿರು ಹೊಡೆಸಿ ಅಂದಿದ್ದೆ, ನೆನಪಿದೆಯಾ?"

"ಈಗ್ಯಾಕೆ ಅದು?"

"ಬಾಡಿಗೆ ಮನೆ, ಸ್ವಂತದ್ದಾಗಲಿ ಅಂದ್ರಿ. ಸ್ವಂತದ್ದು ಕಟ್ಟಿದ್ರಿ, ಕೆನೆಬಣ್ಣ. ಅದಕ್ಕಿಂತ ದೊಡ್ಡದು ಕಟ್ಟಿದ್ರಿ, ಅದಕ್ಕೂ ಕೆನೆಬಣ್ಣ. ತೋಟದ ಮನೆಗಾದ್ರೂ ಅಂದೆ. ಘನತೆ ಇರಲ್ಲ ಅಂದ್ರಿ. ಘನತೆ ನೋಡ್ಕೊಂಡೇ ನನ್ನ ಕೂದಲು ಬೆಳ್ಳಗಾಯ್ತು." ಆಮೇಲೆ ಕೇಳಿದರು, "ಈ ಕೆಲಸ ನಿಲ್ಲಿಸೋ ಕಾಗದಕ್ಕೂ ನನ್ನ ರುಜು ಬೇಕಲ್ವಾ?"

ಹೌದು ಅಂತ ಯಜಮಾನರು ತಲೆ ಆಡಿಸಿದರು.

"ನಾನು ಹಾಕಲ್ಲ," ಅಂದರು ಸುಲೋಚನಮ್ಮ. "ಇದೊಂದು ಕೋಣೆ ನನ್ನ ಬಣ್ಣದ್ದಿರಲಿ. ಸೂರು ಮಾಡಿಸಿ."

ನನ್ನ ನೌಕರಿಯಲ್ಲಿ ಎಷ್ಟೋ ಮೀಟಿಂಗು ನೋಡಿದ್ದೇನೆ. ತಜ್ಞರು ವರ್ಷಗಟ್ಟಲೆ ವಾದ ಮಾಡಿ ತೀರದ ಪ್ರಶ್ನೆ ಅಷ್ಟು ಮೆಲ್ಲಗಿನ ದನಿಯಲ್ಲಿ ತೀರಿದ್ದನ್ನು ಮತ್ತೆಲ್ಲೂ ಕಂಡಿಲ್ಲ. ಯಜಮಾನರು ಹೆಂಡತಿಯನ್ನೇ ನೋಡಿದರು. ಆಕೆಗೆ ಇಂಥದ್ದೊಂದು ಆಸೆ ಇನ್ನೂ ಇದೆ ಅಂತ ಅವರಿಗೆ ನಿಜವಾಗಿ ಗೊತ್ತಿರಲಿಲ್ಲ ಅಂತ ಆ ಮುಖ ನೋಡಿದರೇ ತಿಳಿಯುತ್ತಿತ್ತು. ಕೊನೆಗೆ ಮೇಡಂ ಕಡೆ ತಿರುಗಿದರು.

"ಆ ಪಿಂಕ್ ಆದ್ರೂ ಸ್ವಲ್ಪ ತಿಳಿ ಮಾಡಕ್ಕಾಗಲ್ವಾ?"

"ಇಲ್ಲ ಸರ್," ಅಂದರು ಮೇಡಂ. ನಗುತ್ತಿದ್ದರು. ಅಮ್ಮಣ್ಣಿಯವರು ಮೊದಲ ಕಾಫಿ ಲೋಟವನ್ನು ಸುಲೋಚನಮ್ಮನ ಕೈಗೆ ಕೊಟ್ಟರು. ನಾನು ತಟ್ಟೆಯನ್ನು ಇಸಿದುಕೊಂಡೆ.

ಸೂರು ಆಯಿತು. ಕೊಳೆತ ತೊಲೆ ತೆಗೆದು ಹೊಸ ತೊಲೆ ಕೂರಿಸಿ, ಒಂದೊಂದಾಗಿ ನೀಲಗಿರಿ ಕಂಬ ಬಿಚ್ಚಿದೆವು. ಟ್ರಸ್ಟಿನ ಖರ್ಚಿನಲ್ಲೇ ಹಿತ್ತಲಿನಲ್ಲಿ ಹೆಂಚಿನ ಹುಳದ ಮನೆಯೂ ಎದ್ದಿತು. ಅದಕ್ಕೆ ಬೆಳೆಗೊಂದು ಸಲ ಸುಣ್ಣ ಬಳಿಯುತ್ತಾರೆ, ಯಾರ ಅಡ್ಡಿಯೂ ಇಲ್ಲ. ಕೆನೆಬಣ್ಣದ ಕುರ್ಚಿಗಳು ಊರಿನ ಶಾಲೆಯ ಮೇಷ್ಟ್ರುಗಳ ಕೋಣೆಗೆ ಹೋದವು. ಮೊದಲ ಜೋರು ಮಳೆ ಬಿದ್ದ ಮರುದಿನ ನಾನು ಹೋದಾಗ ಅಮ್ಮಣ್ಣಿಯವರು ತಡವಾಗಿ ಎದ್ದಿದ್ದರು. "ಮಳೆ ಬಂದಿದ್ದೇ ಗೊತ್ತಾಗ್ಲಿಲ್ಲ ಕಣಪ್ಪ," ಅಂದರು. ಕೆಲಸಕ್ಕೆ ಹೋಗಿ ಇಂಥ ಮಾತು ಒಂದು ಕೇಳಿಸಿಕೊಂಡರೂ ಸಾಕು, ನೀವು ಮಾಡಿದ್ದು ಏನು ಅಂತ ಮನೆಯವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ.

ಉದ್ಘಾಟನೆಯ ದಿನ ಸುಲೋಚನಮ್ಮ ಗಿಣಿಹಸಿರು ಒಡಲಿನ, ರಾಣಿ ಪಿಂಕು ಅಂಚಿನ ರೇಷ್ಮೆ ಸೀರೆ ಉಟ್ಟು ಬಂದರು. ಜರಿಯೂ ಅರಿಶಿನದ ಬಣ್ಣದ್ದೇ. ಗೋಡೆಯ ಮುಂದೆ ನಿಂತರೆ ಫೋಟೋದವನಿಗೆ ಅವರ ಮುಖ, ಕೈ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. "ಅಮ್ಮಾ, ಸ್ವಲ್ಪ ಮುಂದಕ್ಕೆ ಬನ್ನಿ, ಗೋಡೆಗೆ ಸೇರ್ಕೊಂಡು ಹೋಗ್ತಿದೀರಾ," ಅಂತ ಅವನು ಗೋಗರೆದ. ಅವರು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಅಮ್ಮಣ್ಣಿಯವರನ್ನೂ ಪಕ್ಕಕ್ಕೆ ಎಳೆದುಕೊಂಡರು.

ಯಜಮಾನರು ಕೆನೆಬಣ್ಣದ ರೇಷ್ಮೆ ಜುಬ್ಬದಲ್ಲಿ ಬಂದಿದ್ದರು. ಜನರ ನಡುವೆ ಜಾಗ ಸಿಗದೆ ಹೋಗಿ ನಿಂತದ್ದು ಮೂಲೆಯಲ್ಲಿ, ಮೇಡಂ ಕೆರೆಯದೆ ಬಿಟ್ಟ ಸಾಕ್ಷಿಯ ಸುಣ್ಣದ ಪಕ್ಕಕ್ಕೇ. ಮಾಸಿದ ಆ ಸುಣ್ಣಕ್ಕೂ ಜುಬ್ಬಕ್ಕೂ ವ್ಯತ್ಯಾಸವೇ ಇಲ್ಲ. ಮುನಿರಾಜು ಅದನ್ನು ನೋಡಿ ನನ್ನ ಪಕ್ಕೆ ತಿವಿದು, "ನಂಜಪ್ಪಣ್ಣ, ಅಲ್ಲೊಂದು ದೊಡ್ಡ ತುಂಡು ಕೆರೆಯೋದು ಮರೆತುಬಿಟ್ಟಿದೀರಾ," ಅಂದ.

ಸುಲೋಚನಮ್ಮನಿಗೂ ಅದು ಕೇಳಿಸಿತು. ಅಷ್ಟು ದೂರದಿಂದ ಗಂಡನನ್ನು ಒಂದು ಸಲ ನೋಡಿದರು. ಮಳೆಯಲ್ಲಿ ನೆನೆದು ಬಂದವರನ್ನು ನೋಡುವ ಹಾಗೆ, ಮಮತೆಯಿಂದ.

"ಕೆರೀಬೇಡಿ ಬಿಡಿ," ಅಂದರು. "ಅದೊಂದು ಇರಲಿ ಸಾಕ್ಷಿಗೆ."